ಸವಳು ಬಾವಿಯ ಗಿಡ್ಡ ತೆಂಗು

"ಇದೇನ್ರಿ, ತೆಂಗೋ ಇಲ್ಲಾ ಉಳ್ಳಾಗಡ್ಡಿ ಸಸಿಯೋ?"

ಅಂತೂರಿನ ಹೊಲದ ಬಾವಿಕಟ್ಟೆಯ ಮೇಲೆ ಕೊಡ ಇಳಿಸಿದ ಮಾಳವ್ವನಿಗೆ ನಗು ತಡೆಯಲಾಗಲಿಲ್ಲ. ಯಳವತ್ತಿಯ ಪುಂಡಲೀಕಪ್ಪ ಕುಮಟಾದಿಂದ ಕೂಸನ್ನು ಹೊತ್ತಂತೆ ಎದೆಗವಚಿಕೊಂಡು ತಂದಿದ್ದ ಗಿಡಕ್ಕೆ ಇದ್ದದ್ದು ಮೂರೇ ಗರಿ.

"ನಗಬ್ಯಾಡ. ಇದು ಗಿಡ್ಡ ಜಾತಿ. ಸಮುದ್ರದ ದಂಡಿ ತ್ವಾಟದಾಗ ಉಪ್ಪುನೀರು ಕುಡದು ಬೆಳೀತೈತಿ. ನಿಂತಲ್ಲೇ ನಿನ್ನ ಕೈಗೆ ಕಾಯಿ ನಿಲುಕತಾವು."

"ನನ್ನ ಕೈ ಎಷ್ಟುದ್ದ ಐತಿ ಅಂತ ನಿಮಗೇನು ಗೊತ್ತು?"

"ನೋಡೀನಲ್ಲ."

ಮಾಳವ್ವ ಬಳೆ ಸರಿಮಾಡಿಕೊಂಡಳು. ಬಳೆ ಸರಿಯಾಗಿಯೇ ಇದ್ದವು.

ಪುಂಡಲೀಕಪ್ಪ ಕುಮಟಾದ ತೋಟವೊಂದರಲ್ಲಿ ಮಾಳಿ. ಹೋದ ವರ್ಷ ಹೆಣ್ಣು ಕೇಳಲು ಹಿರಿಯರನ್ನು ಕಳಿಸಿದ್ದ. ಹುಡುಗಿ ಸೋದರಮಾವನಿಗೆ ಸೇರಿದವಳು ಎಂದು ಅವಳಪ್ಪ ಹುಚ್ಚೀರಪ್ಪ ಕಡ್ಡಿ ಮುರಿದಂತೆ ಹೇಳಿದ್ದ. ಈಗ ಗಿಡ ನೋಡಿ ಮುದುಕ ಮೀಸೆಯಡಿ ನಕ್ಕ.

"ನಮ್ಮ ಸವಳು ನೀರಿಗೆ ಹುಲ್ಲೂ ಹುಟ್ಟಂಗಿಲ್ಲೋ ತಮ್ಮಾ. ದೀಪಾವಳಿತನಕ ಇದು ಹಸರಾಗಿದ್ರ ಬಾ, ಮಗಳನ್ನೂ ಕೊಡ್ತೀನಿ, ತ್ವಾಟ ಮಾಡಾಕ ಹೊಲಾನೂ ಕೊಡ್ತೀನಿ. ಒಣಗಿದ್ರ ಈ ಕಡೆ ತಲಿ ಹಾಕಬ್ಯಾಡ."

"ಆತ್ರಿ ಯಜಮಾನ್ರ."

ಬಾವಿಯ ಪಕ್ಕ ಗಿಡ ನೆಟ್ಟು ಹೊರಡುವಾಗ ಅವನು ಮಾಳವ್ವನಿಗಷ್ಟೇ ಕೇಳುವಂತೆ ಹೇಳಿದ. "ಹೆದರಬ್ಯಾಡ. ಉಪ್ಪಂದ್ರ ಪ್ರಾಣ ಇದಕ್ಕ. ಅಲ್ಲಿ ಕುಣಿಗೆ ಉಪ್ಪು ಹಾಕೇ ನೆಡ್ತಾರ."

ಆಷಾಢದಲ್ಲಿ ನಾಲ್ಕನೆಯ ಗರಿ ಒಡೆಯಿತು. ಮಾಳವ್ವ ಸುತ್ತ ಯಾರೂ ಇಲ್ಲವೆಂದು ನೋಡಿ ಅದಕ್ಕೊಂದು ಮುತ್ತು ಕೊಟ್ಟಳು. ಜಲ್ದಿ ಬೆಳೆಯಲಿ ಎಂದು ವಾರಕ್ಕೊಮ್ಮೆ ಅವ್ವನ ಕಣ್ಣು ತಪ್ಪಿಸಿ, ಅಡುಗೆಮನೆಯ ಗಡಿಗೆಯಿಂದ ಹಿಡಿ ಉಪ್ಪು ತಂದು ಬುಡಕ್ಕೆ ಹಾಕಿದಳು. ಗರಿಯ ತುದಿ ಕೆಂಪಾದಾಗ, ಪಾಪ, ಉಪ್ಪು ಸಾಲಲಿಲ್ಲವೆಂದು ಎರಡು ಹಿಡಿ ಹಾಕಿದಳು. ಹುಚ್ಚುಖೋಡಿ! ಪ್ರೀತಿಯ ಕೈಗೆ ಅಳತೆ ಎಲ್ಲಿರುತ್ತದೆ ಹೇಳಿ?

ದೀಪಾವಳಿ ಬಂತು. ಅದೇ ವಾರ ಕನ್ನಡನಾಡು ಒಂದಾಯಿತೆಂದು ಬೆಟಗೇರಿಯಲ್ಲಿ ಪೇಡೆ ಹಂಚುತ್ತಿದ್ದರು. ಪುಂಡಲೀಕಪ್ಪ ಒಂದನ್ನು ಕಾಗದದಲ್ಲಿ ಸುತ್ತಿ ಅವಳಿಗೆಂದು ತಂದಿದ್ದ. ಗಿಡ ಪೂರಾ ಒಣಗಿ ನಿಂತಿತ್ತು. ಅವನು ಕುಕ್ಕರಗಾಲಲ್ಲಿ ಕೂತು, ಬುಡದ ಬಿಳಿ ಮಣ್ಣನ್ನು ನಾಲಿಗೆಗೆ ಹಚ್ಚಿ ನೋಡಿದ.

"ಉಪ್ಪು ಹಾಕಿದಿ?"

"ವಾರ ವಾರ ಹಾಕೀನ್ರಿ. ನೀವ ಹೇಳಿದ್ರಿ, ಪ್ರಾಣ ಅಂತ."

"ಹೌದು, ನಾನ ಹೇಳಿದ್ದೆ." ಅವನು ಬೆರಳಿನ ಮಣ್ಣು ಒರೆಸಿಕೊಂಡ. "ಅಲ್ಲಿ ನಾಕು ತಿಂಗಳ ಮಳಿ ಎಲ್ಲಾ ಉಪ್ಪು ತೊಳದು ಒಯ್ಯತೈತಿ. ಅದನ್ನ ಹೇಳೂದ ಮರತೆ, ಮಾಳವ್ವಾ."

ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅತ್ತಳು. "ತಪ್ಪು ನಂದು ಅಂತ ಅಪ್ಪಗ ಹೇಳ್ತೀನಿ."

"ಬ್ಯಾಡ. ಯಾರ ಸಲುವಾಗಿ ಹಾಕಿದಿ ಅಂತ ಕೇಳ್ತಾರ. ಆ ಹೆಸರು ಹೊತ್ಕೊಂಡು ನೀ ಮಾವನ ಮನಿಗೆ ಹೋಗಬ್ಯಾಡ."

ಹುಚ್ಚೀರಪ್ಪ ಬಂದು ಕೇಳಿದ. "ಏನಾತೋ ತಮ್ಮಾ?"

"ನನ್ನ ಮಾತ ಸುಳ್ಳಾತ್ರಿ ಯಜಮಾನ್ರ. ಸಸಿ ಚಲೋ ಇರಲಿಲ್ಲ."

ಕೈ ಮುಗಿದು ಹೊರಟವನು ಬದುವಿನ ತುದಿಯಲ್ಲಿ ಒಮ್ಮೆ ತಿರುಗಿ ನೋಡಿದ. ಪೇಡೆಯ ಪೊಟ್ಟಣ ಬಾವಿಕಟ್ಟೆಯ ಮೇಲೆ ಉಳಿದಿತ್ತು.

ಮಧ್ಯಾಹ್ನ ಊಟಕ್ಕೆ ಕೂತ ಅಪ್ಪ ಮುಖ ಸಿಂಡರಿಸಿದ. "ಸಾರಿಗೆ ಉಪ್ಪ ಇಲ್ಲಲ್ಲ!"

ಮಾಳವ್ವ ಗಡಿಗೆಗೆ ಕೈ ಹಾಕಿ ತಳ ತಡವಿದಳು.

"ತೀರೇತಿ ಅಪ್ಪಾ," ಎಂದಳು. "ಎಲ್ಲಾ ಹಾಕಿಬಿಟ್ಟೆ."