ಗಾಳಿಗೆ ತೂರಿದ ವಿಭೂತಿ

೨೦೨೫ರ ಫೆಬ್ರವರಿ ೧೦, ಸೋಮವಾರ, ಬೆಳಿಗ್ಗೆ ೭.೨೦. ನೈರೋಬಿಯ ರುಂಡಾ ಕಡೆಯ ಒಂದು ಪೊಲೀಸ್ ಠಾಣೆಗೆ ದೂರು ಬಂತು. ಠಾಣೆಯ ಹೆಸರು ಬೇಡ. ಹೆಸರು ಹೇಳಿದರೆ ಅಂದು ಅಲ್ಲಿನ ಜೀಪಿಗೆ ಡೀಸೆಲ್ ಇರಲಿಲ್ಲ ಎಂಬುದನ್ನೂ ಹೇಳಬೇಕಾಗುತ್ತದೆ.

ದೂರು ಕೊಟ್ಟವರು ಪುರುಷೋತ್ತಮ. ಬೆಂಗಳೂರಿನಿಂದ ಬಂದ ಬ್ಯಾಂಕ್ ಅಧಿಕಾರಿ, ಬಡಾವಣೆಯ ನಿವಾಸಿಗಳ ಸಂಘದ ಕಾರ್ಯದರ್ಶಿ. ಬಡಾವಣೆಯ ನಡುವೆ ಕಾಡು ಒಂದಿಷ್ಟು ಒಳಗೆ ಚಾಚಿಕೊಂಡಿದೆ, ಅಲ್ಲೊಂದು ನೀರಿನ ಹೊಂಡವಿದೆ, ಹೊಂಡದ ಬಳಿ ಬುಶ್‌ಬಕ್ ಎಂಬ ಜಿಂಕೆ ಜಾತಿಯ ಪ್ರಾಣಿ ಸತ್ತು ಬಿದ್ದಿದೆ. ಮೂರು ವಾರದಲ್ಲಿ ಇದು ಮೂರನೆಯದು. ಕೀನ್ಯಾದಲ್ಲಿ ಬೇಟೆ ನಿಷೇಧವಾಗಿ ಐವತ್ತು ವರ್ಷ ಆಗುತ್ತ ಬಂದಿದೆ.

ನಮ್ಮಲ್ಲಿ ಎಫ್‌ಐಆರ್ ಹಾಕುವ ಜಾಗದಲ್ಲಿ ಇಲ್ಲಿ ಓಬಿ ಎಂಬ ದಪ್ಪ ರಿಜಿಸ್ಟರಿನಲ್ಲಿ ಬರೆಯುತ್ತಾರೆ. ಇನ್ಸ್‌ಪೆಕ್ಟರ್ ಸೆಲಿನ್ ಅಟಿಯೆನೊ ಬರೆಯಲು ಹೋದರೆ ಪೆನ್ನು ಬರೆಯಲಿಲ್ಲ. ಇನ್ನೊಂದೂ ಬರೆಯಲಿಲ್ಲ. ಕಾನ್‌ಸ್ಟೇಬಲ್ ಬರಾಸಾ ತನ್ನ ಜೇಬಿನ ಪೆನ್ನು ಕೊಟ್ಟ. ಮುಂದಿನ ಹತ್ತು ದಿನ ಹೇಗಿರುತ್ತವೆ ಎಂದು ಸೆಲಿನ್‌ಗೆ ಅಲ್ಲೇ ಅಂದಾಜಾಗಬೇಕಿತ್ತು.

೮.೧೦ಕ್ಕೆ ಸೆಲಿನ್ ಪುರುಷೋತ್ತಮ ಅವರ ಕಾರಿನಲ್ಲೇ ಕೂತು ಸ್ಥಳಕ್ಕೆ ಹೋಗಿ, ಸಂಘದ ಇಬ್ಬರು ಸದಸ್ಯರನ್ನು ಸಾಕ್ಷಿ ಇಟ್ಟುಕೊಂಡು ಪಂಚನಾಮೆ ಮಾಡಿದರು. ಗಂಡು ಬುಶ್‌ಬಕ್. ಪಕ್ಕೆಗೆ ಬಾಣ ಹೊಕ್ಕಿದೆ. ಹೊಡೆದವನು ಎಳೆಯಲು ನೋಡಿ ಬಾಣ ಮುರಿದಿದೆ, ಕಬ್ಬಿಣದ ಮೊನೆ ಒಳಗೇ ಉಳಿದಿದೆ. ಮಾಂಸ ಮುಟ್ಟಿಲ್ಲ. ಕುತ್ತಿಗೆಯ ಕೂದಲ ಮೇಲೆ ಮಾತ್ರ ಬಿಳಿ ಪುಡಿ ಒರೆಸಿದಂತೆ ಒಂದು ಗುರುತು.

"ಮಾಂಸ ಬೇಡದಿದ್ದವನು ಯಾಕೆ ಕೊಂದ?" ಎಂದರು ಸೆಲಿನ್.

"ಅದು ನಿಮ್ಮ ಕೆಲಸ ಮೇಡಂ" ಎಂದರು ಪುರುಷೋತ್ತಮ. "ಆದ್ರೆ ಹಿಂದಿನ ಗೇಟಿನ ಅಸ್ಕರಿ ಮುಸ್ಯೋಕಾ ಇದ್ದಾನಲ್ಲ, ಅವನು ಕಾಂಬಾ ಜನ. ಬಿಲ್ಲುಬಾಣ ಅವರ ರಕ್ತದಲ್ಲೇ ಇದೆ. ಒಂದ್ಸಲ ರೂಮ್ ಚೆಕ್ ಮಾಡಿ."

ಮಾಡಿದರು. ಅಸ್ಕರಿ ಎಂದರೆ ಕಾವಲುಗಾರ. ಅವನ ಕೋಣೆಯ ಮಂಚದ ಕೆಳಗೆ ಅಜ್ಜನ ಕಾಲದ ಬಿಲ್ಲು ಸಿಕ್ಕಿತು. ಹೆದೆ ಇಲ್ಲ, ಒಂದು ತುದಿ ಗೆದ್ದಲು ತಿಂದಿದೆ. ಅದರಿಂದ ಕಾಗೆಯನ್ನೂ ಓಡಿಸಲಾಗದು. ಠಾಣಾಧಿಕಾರಿಗೆ ಅಷ್ಟು ಸಾಕಾಯಿತು. ಗಾಳಿ ಬಂದಾಗ ತೂರಿಕೊ ಎನ್ನುವ ಜಾತಿಯ ಮನುಷ್ಯ ಆತ. ಮಧ್ಯಾಹ್ನದೊಳಗೆ ಮುಸ್ಯೋಕಾ ಲಾಕಪ್ಪಿನಲ್ಲಿದ್ದ. ಮರುದಿನ ಕೋರ್ಟು ಫೆಬ್ರವರಿ ೨೧ರವರೆಗೆ ಕಸ್ಟಡಿ ಕೊಟ್ಟಿತು. ಅಷ್ಟರಲ್ಲಿ ಬೇರೆ ಯಾರೂ ಸಿಗದಿದ್ದರೆ ಅವನ ಮೇಲೇ ಚಾರ್ಜ್. ಐವತ್ತೆರಡರ ವಯಸ್ಸಿನಲ್ಲಿ ಜೈಲು. ಗೇಟಿನ ಕೆಲಸವನ್ನಂತೂ ಸಂಘ ಆಗಲೇ ಕಿತ್ತುಕೊಂಡಿತ್ತು.

ಫೆಬ್ರವರಿ ೧೨, ಬೆಳಿಗ್ಗೆ ೧೧. ವಿಚಾರಣೆ.

"ಬೇಟೆ ಗೊತ್ತಾ?"

"ಅಜ್ಜ ಕಲಿಸಿದ್ದ. ನಾನು ಮಾಡಿಲ್ಲ."

"ಏನು ಕಲಿಸಿದ್ದ?"

"ಗಾಳಿ. ಬಿಲ್ಲು ಆಮೇಲೆ." ಮುಸ್ಯೋಕಾ ಬೆರಳನ್ನು ನಾಲಿಗೆಗೆ ತಾಗಿಸಿ ಎತ್ತಿ ಹಿಡಿದ. "ಪ್ರಾಣಿಗೆ ಕಣ್ಣಿಗಿಂತ ಮೂಗು ದೊಡ್ಡದು. ಗಾಳಿ ನಿನ್ನ ಬೆನ್ನಿಂದ ಬಂದರೆ ನೀನು ಹೋಗುವ ಮೊದಲೇ ನಿನ್ನ ವಾಸನೆ ಹೋಗಿ ಹೇಳುತ್ತದೆ. ಗಾಳಿ ಮುಖಕ್ಕೆ ಬರಬೇಕು. ಆಗ ಅದರ ವಾಸನೆ ನಿನಗೆ, ನಿನ್ನ ವಾಸನೆ ನಿನ್ನ ಹಿಂದೆ. ನೀವು ಪ್ರಾಣಿ ಬಿದ್ದ ಜಾಗ ನೋಡುತ್ತಿದ್ದೀರಿ. ಅವನು ನಿಂತ ಜಾಗ ನೋಡಿ."

"ಅವನು ಎಲ್ಲಿ ನಿಂತಿದ್ದ?"

"ಈ ತಿಂಗಳು ಬೆಳಗಿನ ಗಾಳಿ ಈಶಾನ್ಯದಿಂದ. ಅಂದರೆ ಹೊಂಡದ ನೈಋತ್ಯಕ್ಕೆ, ನನ್ನ ಗೇಟಿನ ಕಡೆಗೆ. ಅವನ ವಾಸನೆ ನನಗೆ ಬಂದಿತ್ತು. ಮೂರು ಸಲವೂ. ಗೇಟಿನ ಪುಸ್ತಕದಲ್ಲಿ ಬರೆದಿದ್ದೇನೆ. ಯಾರೂ ಓದಲಿಲ್ಲ."

ಬರಾಸಾ ಹೋಗಿ ಪುಸ್ತಕ ತಂದ. ಜನವರಿ ೨೧, ಜನವರಿ ೩೦, ಫೆಬ್ರವರಿ ೧೦. ಮೂರು ದಿನವೂ ಬೆಳಿಗ್ಗೆ ಆರೂಕಾಲರ ಆಸುಪಾಸಿನಲ್ಲಿ, ಹಾಲಿನ ವ್ಯಾನು ಮತ್ತು ಕಸದ ಲಾರಿಯ ನಡುವೆ, ಸ್ವಾಹಿಲಿಯಲ್ಲಿ ಒಂದೇ ಸಾಲು ಇತ್ತು: ಪ್ರಾರ್ಥನೆಯ ವಾಸನೆ ಬಂತು.

ಠಾಣಾಧಿಕಾರಿ ಅದನ್ನು ಓದಿ ನಗಲು ಶುರುಮಾಡಿದ. "ವಾಸನೆಯನ್ನು ಕೋರ್ಟಿನಲ್ಲಿ ಎಷ್ಟನೆಯ ಎಕ್ಸಿಬಿಟ್ ಅಂತ ಕೊಡ್ತೀಯ ಸೆಲಿನ್? ಬೇಟೆಯ ಪಾಠವನ್ನೆಲ್ಲ ಬಾಯಿಬಿಟ್ಟು ಹೇಳಿದ್ದಾನೆ. ಅದೇ ಸಾಕು, ಬರಕೋ."

ಸೆಲಿನ್‌ಗೆ ಮೈಯೆಲ್ಲ ಉರಿಯಿತು. ಗೊತ್ತಿದ್ದದ್ದನ್ನು ಹೇಳಿದರೆ ಅಪರಾಧಿ, ಹೇಳದಿದ್ದರೆ ಮುಚ್ಚಿಟ್ಟವನು. ಗೇಟಿನ ಪುಸ್ತಕವನ್ನು ಎತ್ತಿಕೊಂಡು ಹೊರಗೆ ಬಂದರು.

ಮುಂದಿನ ನಾಲ್ಕು ದಿನ ಬರೀ ಅಲೆದಾಟ. ಸಂಘದ ಕ್ಯಾಮೆರಾಗಳಲ್ಲಿ ಹೊಂಡದ ಕಡೆ ಮುಖ ಮಾಡಿದ್ದು ಒಂದೇ, ಅದರ ಮೇಲೆ ಜೇಡ ಬಲೆ ಕಟ್ಟಿ ತಿಂಗಳಾಗಿತ್ತು. ಬಾಣದ ಮೊನೆ ಯಾರದ್ದು ಎಂದು ವಿಚಾರಿಸಿದರೆ, ಪ್ರವಾಸಿಗರ ಸಂತೆಯಲ್ಲಿ ಅಂಥವು ಕಟ್ಟುಕಟ್ಟು ಸಿಗುತ್ತವೆ ಎಂಬ ಉತ್ತರ. ಕುತ್ತಿಗೆಯ ಬಿಳಿ ಪುಡಿಯ ಲ್ಯಾಬ್ ವರದಿಯಲ್ಲಿ ಒಂದೇ ಪದ: ಬೂದಿ.

ಫೆಬ್ರವರಿ ೧೭, ಬೆಳಿಗ್ಗೆ ೬.೦೫. ಸೆಲಿನ್ ಮತ್ತು ಬರಾಸಾ ಹೊಂಡದ ಬಳಿ ನಿಂತಿದ್ದರು. ಬರಾಸಾ ಒಂದು ಹಿಡಿ ಒಣ ಹುಲ್ಲು ಪುಡಿಮಾಡಿ ಬಿಟ್ಟ. ಅದು ನೇರ ನೈಋತ್ಯಕ್ಕೆ ತೇಲಿತು. ಇಬ್ಬರೂ ಅದರ ಹಿಂದೆಯೇ ಹೆಜ್ಜೆ ಎಣಿಸುತ್ತ ನಡೆದರು. ಇಪ್ಪತ್ತೆರಡನೆಯ ಹೆಜ್ಜೆಗೆ ಒಂದು ಪೊದೆ, ಪೊದೆಯ ಹಿಂದೆ ತುಳಿದು ಗಟ್ಟಿಯಾದ ಮಣ್ಣು. ಅದರ ಹಿಂದೆ ಬಿದಿರಿನ ದಟ್ಟ ಬೇಲಿ, ಬಿದಿರೆಲೆಗಳ ಮೇಲೆ ಬಿಳಿ ಬೂದಿ ಕೂತಿತ್ತು. ಬೇಲಿಯಾಚೆ ಮುಸ್ಯೋಕಾನ ಕಾವಲು ಗೂಡು. ಎಡಕ್ಕೆ ಒಂದು ಮನೆಯ ಹಿತ್ತಿಲಿನ ಸಣ್ಣ ಬಾಗಿಲು.

"ಗಾಳಿ ನೋಡಲು ಬೂದಿ ತೂರಿದ್ದಾನೆ" ಎಂದ ಬರಾಸಾ.

ಸೆಲಿನ್ ಎಲೆಯನ್ನು ಮೂಗಿನ ಹತ್ತಿರ ಹಿಡಿದರು. ವಾರ ಕಳೆದರೂ ಪರಿಮಳ ಹೋಗಿರಲಿಲ್ಲ. ಅವರು ಹುಟ್ಟಿ ಬೆಳೆದದ್ದು ನೈರೋಬಿಯದೇ ಪಂಗಾನಿಯಲ್ಲಿ. ಶಾಲೆಗೆ ಹೋಗುವ ದಾರಿಯಲ್ಲಿ ಒಂದು ಪೂಜಾ ಸಾಮಾನಿನ ಅಂಗಡಿಯ ಮುಂದೆ ದಿನಾ ಇದೇ ಪರಿಮಳ ಇರುತ್ತಿತ್ತು.

ಬರಾಸಾ ಆ ಎಲೆಗಳನ್ನು ಜತನದಿಂದ ಒಂದು ಖಾಲಿ ಬಾಟಲಿಗೆ ತುಂಬಿದ. ಠಾಣೆಗೆ ಬಂದು ಮುಚ್ಚಳ ತೆಗೆದರೆ ಇನ್‌ಸ್ಟಂಟ್ ಕಾಫಿಯ ವಾಸನೆ. ಬಾಟಲಿ ಕ್ಯಾಂಟೀನಿನದು. ಸೆಲಿನ್ ಅವನನ್ನು ಬೈಯಲಿಲ್ಲ, ಬೈಯುವಷ್ಟು ತ್ರಾಣವೂ ಉಳಿದಿರಲಿಲ್ಲ. ಮರುದಿನ ಬೆಳಿಗ್ಗೆ ತಾವೇ ಹೋಗಿ ಉಳಿದ ಎಲೆಗಳನ್ನು ಹೊಸ ಗಾಜಿನ ಬಾಟಲಿಯಲ್ಲಿ ತಂದು ಸೀಲು ಮಾಡಿದರು.

ಫೆಬ್ರವರಿ ೧೮, ಮಧ್ಯಾಹ್ನ ೩. ಪಂಗಾನಿಯ ಅಂಗಡಿ ಇನ್ನೂ ಇತ್ತು. ಗಲ್ಲಾದಲ್ಲಿ ಸೆಲಿನ್ ಚಿಕ್ಕಂದಿನಿಂದ ಕಂಡಿದ್ದ ಅದೇ ಕಾತ್ಯಾಯಿನಮ್ಮ, ಮೈಸೂರಿನಿಂದ ಮದುವೆಯಾಗಿ ಬಂದು ನಲವತ್ತು ವರ್ಷವಾದವರು. ಬಾಟಲಿಯ ಮುಚ್ಚಳ ಅರ್ಧ ತಿರುಗಿಸುವಷ್ಟರಲ್ಲೇ ಸ್ವಾಹಿಲಿಯಲ್ಲಿ ಉತ್ತರ ಕೊಟ್ಟರು.

"ಸುವಾಸನೆ ವಿಭೂತಿ, ಮಗಳೇ. ಹಣೆಗೆ ಹಚ್ಚುವ ಬೂದಿ. ಶ್ರೀಗಂಧ, ಪಚ್ಚಕರ್ಪೂರ ಹಾಕಿರ್ತಾರೆ. ಗುಜರಾತಿಗಳು ಇದನ್ನ ಒಯ್ಯಲ್ಲ, ದಕ್ಷಿಣದವರಿಗೆ ಮಾತ್ರ ಅಂತ ತರಿಸ್ತೀನಿ."

"ರುಂಡಾಕ್ಕೆ ಯಾರು ಒಯ್ಯುತ್ತಾರೆ?"

"ಎರಡೇ ಮನೆ. ಬ್ಯಾಂಕಿನ ಪುರುಷೋತ್ತಮ ಅವರ ಹೆಂಡತಿ ಲೀಲಾ. ಇನ್ನೊಂದು ಸುಮತಿ, ಕಾಫಿ ಕಂಪನಿಯ ಚಂದ್ರಹಾಸ ಅವರ ಹೆಂಡತಿ. ಆಕೆ ಜನವರಿಯಲ್ಲಿ ಮೊದಲ ಸಲ ತಗೊಂಡಳು. ಊರಿಂದ ತಂದ ಸಾದಾ ವಿಭೂತಿ ಖರ್ಚಾಯ್ತಂತೆ."

ಪುರುಷೋತ್ತಮ ಅವರ ಮನೆ ಹೊಂಡದ ಈಶಾನ್ಯಕ್ಕಿತ್ತು. ವಾಸ್ತು ನೋಡಿಯೇ ಆ ಮನೆ ಹಿಡಿದೆ, ಈಶಾನ್ಯ ದೇವಮೂಲೆ ಎಂದು ಅವರೇ ಹೇಳಿಕೊಂಡಿದ್ದರು. ಅಲ್ಲಿಂದ ಹೊರಟವನ ವಾಸನೆ ಗಾಳಿಯೊಡನೆ ನೇರ ಪ್ರಾಣಿಯ ಮೂಗಿಗೇ ಹೋಗುತ್ತದೆ. ಹಿತ್ತಿಲಿನ ಸಣ್ಣ ಬಾಗಿಲು ಚಂದ್ರಹಾಸ ಅವರದು.

ಚಂದ್ರಹಾಸ ಅವರಿಗೆ ಐವತ್ತಾರು. ಹರಾಜಿಗೆ ಬರುವ ಕಾಫಿಯನ್ನು ಮೂಸಿ, ರುಚಿ ನೋಡಿ, ಯಾವುದನ್ನು ಕೊಳ್ಳಬೇಕೆಂದು ಕಂಪನಿಗೆ ಹೇಳುವುದು ಅವರ ಕೆಲಸ. ಮೂಡಿಗೆರೆ ಕಡೆಯವರು, ನೈರೋಬಿಗೆ ಬಂದು ಆರು ವರ್ಷ. ಅವರ ಮೇಲೆ ಒಂದು ದೂರಿಲ್ಲ. ಸರ್ಚ್ ವಾರಂಟ್ ಬೇಕೆಂದು ಸೆಲಿನ್ ಕೇಳಿದಾಗ ಠಾಣಾಧಿಕಾರಿ ತಲೆ ಚಚ್ಚಿಕೊಂಡ. "ಗಾಳಿ, ಬೂದಿ, ವಾಸನೆ. ಒಂದನ್ನಾದರೂ ಕೈಯಲ್ಲಿ ಹಿಡಿಯಲು ಬರುತ್ತದಾ? ಶುಕ್ರವಾರ ಕೋರ್ಟು. ಅಷ್ಟೇ."

ಫೆಬ್ರವರಿ ೧೯, ಬುಧವಾರ, ಸಂಜೆ ೫.೩೦. ಸೆಲಿನ್ ವಾರಂಟಿಲ್ಲದೆ, ಸಹಾಯ ಕೇಳುವವರಂತೆ ಅವರ ಮನೆಗೆ ಹೋದರು. ಹಾಲಿನ ಗೋಡೆಯ ತುಂಬ ಇಲ್ಲಿನ ವಿದೇಶಿಯರೆಲ್ಲ ಕೊಳ್ಳುವ ಸಾಮಾನು: ಮರದ ಮುಖವಾಡಗಳು, ಚರ್ಮದ ಗುರಾಣಿ, ಒಂದು ಬಿಲ್ಲು, ಬತ್ತಳಿಕೆಯಲ್ಲಿ ಬಾಣಗಳು. ಮುಖವಾಡಗಳ ಮೇಲೆ ಧೂಳಿತ್ತು. ಬಿಲ್ಲಿನ ಮೇಲೆ ಇರಲಿಲ್ಲ, ಹೆದೆಗೆ ಹೊಸ ಮೇಣ ಸವರಿತ್ತು.

"ನೈರೋಬಿಯಲ್ಲಿ ನಿಮ್ಮ ಮೂಗಿಗೆ ಸಮ ಇಲ್ಲ ಅಂತಾರೆ" ಎಂದರು ಸೆಲಿನ್ ಇಂಗ್ಲಿಷಿನಲ್ಲಿ. "ಲ್ಯಾಬಿನವರು ಕೈಚೆಲ್ಲಿದ್ದಾರೆ. ಇದು ಏನು ಅಂತ ಹೇಳ್ತೀರಾ?"

ಬಾಟಲಿಯ ಮುಚ್ಚಳ ತೆಗೆದುಕೊಟ್ಟರು. ಚಂದ್ರಹಾಸ ಎಲೆಗಳ ಮೇಲಿನ ಪುಡಿಯನ್ನು ಕಂಡ ಕೂಡಲೆ ಒಂದು ಗಳಿಗೆ ತಡೆದರು. ಆಮೇಲೆ ಕಣ್ಣು ಮುಚ್ಚಿ ಮೂಗಿಗೆ ಹಿಡಿದು ಕಸುಬುದಾರರ ಹಾಗೆ ಮೂರು ಸಲ ಎಳೆದುಕೊಂಡರು.

"ಬೂದಿ ಮೇಡಂ. ಸಾದಾ ಬೂದಿ. ಯಾವ ವಾಸನೆಯೂ ಇಲ್ಲ."

"ಸ್ವಲ್ಪವೂ?"

"ಮೂವತ್ತು ವರ್ಷದ ಅನುಭವ. ಇದ್ದಿದ್ದರೆ ಗೊತ್ತಾಗುತ್ತಿತ್ತು."

ಕಾಫಿ ಟ್ರೇ ಹಿಡಿದು ಬರುತ್ತಿದ್ದ ಸುಮತಿ ಬಾಗಿಲಲ್ಲೇ ನಿಂತರು.

"ಏನ್ರೀ ಹೀಗಂತೀರಾ? ಇಲ್ಲೀವರೆಗೂ ಘಮ್ ಅಂತ ಬರ್ತಿದೆ. ನಮ್ ದೇವ್ರ ಮನೆ ವಿಭೂತಿ ಅಲ್ವಾ ಇದು? ದಿನಾ ನೀವೇ ಹಚ್ಕೊಳೋದು."

"ನಮ್ದು ಪ್ಲೇನ್ ವಿಭೂತಿ ಅಲ್ವೇನೆ?"

"ಪ್ಲೇನ್ ಮುಗ್ದು ಒಂದೂವರೆ ತಿಂಗ್ಳಾಯ್ತು. ಇದು ಪಂಗಾನಿ ಅಂಗಡೀದು, ಪಚ್ಚಕರ್ಪೂರ ಹಾಕಿರೋದು. ಅವತ್ತು ಕೇಳಿದ್ದಕ್ಕೆ ಪರಿಮಳ ಚೆನ್ನಾಗಿದೆ ಅಂದ್ರಲ್ರೀ."

ಸೆಲಿನ್‌ಗೆ ಕನ್ನಡ ಬಾರದು. ವಿಭೂತಿ, ಪಂಗಾನಿ, ಕರ್ಪೂರ ಎಂಬ ಮೂರು ಪದ ಸಿಕ್ಕವು. ಅದಕ್ಕಿಂತ ಹೆಚ್ಚಾಗಿ, ಮಾತಾಡುತ್ತ ಮಾತಾಡುತ್ತ ಆ ಹೆಂಗಸಿನ ಮುಖ ಇಳಿದದ್ದು ಕಂಡಿತು. ಸುಮತಿ ಟ್ರೇಯನ್ನು ಕೆಳಗಿಟ್ಟು ಗಂಡನ ಹತ್ತಿರ ಬಂದರು.

"ನಿಮ್ಗೆ ವಾಸ್ನೆ ಬರಲ್ವಾ?" ಎಂದರು ಮೆಲ್ಲಗೆ. "ಯಾವಾಗಿಂದ?"

ಚಂದ್ರಹಾಸ ಎದ್ದು ಹೋಗಿ ಗೋಡೆಯ ಬಿಲ್ಲನ್ನು ತಾವೇ ಇಳಿಸಿ, ಬತ್ತಳಿಕೆಯ ಜೊತೆ ಸೆಲಿನ್ ಮುಂದೆ ಮೇಜಿನ ಮೇಲಿಟ್ಟರು. ಆರು ಬಾಣದ ಬತ್ತಳಿಕೆಯಲ್ಲಿ ಐದು ಇದ್ದವು. ಮೊನೆಗಳು ಸತ್ತ ಪ್ರಾಣಿಯ ಪಕ್ಕೆಯಲ್ಲಿ ಸಿಕ್ಕ ಮೊನೆಯಂಥವೇ.

"ಆ ಅಸ್ಕರಿಯನ್ನು ಬಿಟ್ಟುಬಿಡಿ ಮೇಡಂ" ಎಂದರು. "ಶುಕ್ರವಾರದೊಳಗೆ ನಾನೇ ಬಂದು ಹೇಳಬೇಕು ಅಂತಿದ್ದೆ."

"ಹತ್ತು ದಿನ ಇತ್ತಲ್ಲ?"

ಸಂಜೆ ೬.೧೦ಕ್ಕೆ ಬಂಧನ.

ಹೇಳಿಕೆ ಬರೆದುಕೊಳ್ಳಲು ಎರಡು ಗಂಟೆ ಹಿಡಿಯಿತು. ೨೦೨೨ರ ಆರಂಭದಲ್ಲಿ ಕೋವಿಡ್ ಬಂದು ಹೋಯಿತು, ಜೊತೆಗೆ ಮೂಗಿನ ಶಕ್ತಿಯೂ ಹೋಯಿತು. ಇಂದು ಬರುತ್ತದೆ, ನಾಳೆ ಬರುತ್ತದೆ ಎಂದು ಕಾಯುತ್ತ, ಒಬ್ಬ ಡಾಕ್ಟರಿಗೆ ಬಿಟ್ಟು ಯಾರಿಗೂ ಹೇಳಲಿಲ್ಲ. ಹೇಳಿದರೆ ಕೆಲಸ ಇಲ್ಲ. ಕಾಫಿಯ ಬಣ್ಣ, ಬೆಳೆದ ತೋಟದ ಹೆಸರು, ಪಕ್ಕದವರ ಮುಖ ನೋಡಿ ಮೂರು ವರ್ಷ ತೀರ್ಪು ಕೊಟ್ಟರು. ಹಳೆಯ, ಗಾಢ ವಾಸನೆಗಳನ್ನು ದಿನಾ ಮೂಸಿ, ಮೂಗಿಗೆ ನೆನಪು ಬರಬಹುದು ಎಂದು ಡಾಕ್ಟರು ಹೇಳಿದ್ದರು. ಇಂಗು, ಲವಂಗ, ಸೀಮೆಎಣ್ಣೆ ಎಲ್ಲ ಆಯಿತು. ಹದಿನಾಲ್ಕನೆಯ ವಯಸ್ಸಿನಲ್ಲಿ ಸೋದರಮಾವನ ಹಿಂದೆ ಕಾಡಿಗೆ ಹೋಗಿದ್ದರು. ಮಾವ ಹಣೆಯ ವಿಭೂತಿಯನ್ನೇ ಚಿಟಿಕೆ ತೂರಿ ಗಾಳಿ ನೋಡುತ್ತಿದ್ದರು. ಬಿದ್ದ ಪ್ರಾಣಿಯ ಬಿಸಿ ಕುತ್ತಿಗೆಯ ವಾಸನೆ ಚಂದ್ರಹಾಸ ಬದುಕಿನಲ್ಲಿ ಮೂಸಿದ್ದರಲ್ಲೆಲ್ಲ ಗಾಢವಾದದ್ದು.

"ಅದಕ್ಕೇ ಮಾಂಸ ಬೇಕಿರಲಿಲ್ಲ" ಎಂದರು ಸೆಲಿನ್.

"ಮುಖ ಇಟ್ಟು ಮೂಸುತ್ತಿದ್ದೆ."

"ಬಂತಾ?"

"ಇಲ್ಲ."

ಸೆಲಿನ್‌ಗೆ ಅವರ ಮೇಲೆ ಸಿಟ್ಟೂ ಇತ್ತು, ಅಯ್ಯೋ ಎಂದೂ ಅನಿಸಿತು. ಯಾವುದನ್ನೂ ಬರೆಯಲು ಆ ಫಾರಂನಲ್ಲಿ ಜಾಗವಿರಲಿಲ್ಲ. ಗಾಳಿಯ ಲೆಕ್ಕದಲ್ಲಿ ಅವರು ಒಂದು ಸಲವೂ ತಪ್ಪಿರಲಿಲ್ಲ. ಪ್ರಾಣಿಗೆ ವಾಸನೆ ಹೋಗದಂತೆ ಮೂರು ಸಲವೂ ಸರಿಯಾಗಿ ನಿಂತಿದ್ದರು. ತಮ್ಮ ಬೆನ್ನ ಹಿಂದೆ ಏನು ಘಮಘಮಿಸುತ್ತ ಹೋಗುತ್ತಿದೆ ಎಂಬುದು ಮಾತ್ರ ಗೊತ್ತಿರಲಿಲ್ಲ.

ಫೆಬ್ರವರಿ ೨೦, ಬೆಳಿಗ್ಗೆ ೯. ಠಾಣಾಧಿಕಾರಿ ಪ್ರಕರಣ ತಾನೇ ಭೇದಿಸಿದಂತೆ ಫೋನಿನಲ್ಲಿ ಮೇಲಿನವರಿಗೆ ವರದಿ ಒಪ್ಪಿಸುತ್ತಿದ್ದ. ಮುಸ್ಯೋಕಾನ ಬಿಡುಗಡೆಯ ಕಾಗದಕ್ಕೆ ಸೀಲು ಬಿತ್ತು. ಸಂಘದವರು ಗೇಟಿಗೆ ಆಗಲೇ ಬೇರೆ ಅಸ್ಕರಿಯನ್ನು ಇಟ್ಟುಕೊಂಡಿದ್ದರು. ಕ್ಷಮೆ ಕೇಳುವುದಿರಲಿ, ಪುರುಷೋತ್ತಮ ಫೋನನ್ನೂ ಎತ್ತಲಿಲ್ಲ. ಮುಸ್ಯೋಕಾ ಅಜ್ಜನ ಬಿಲ್ಲು ಮಾತ್ರ ಕೇಳಿದ. ಕೋರ್ಟಿನ ಆದೇಶವಿಲ್ಲದೆ ಅದನ್ನು ಕೊಡಲು ಬರುತ್ತಿರಲಿಲ್ಲ.

ಹೊರಗೆ ಬೆಂಚಿನ ಮೇಲೆ ಸುಮತಿ ಕೂತಿದ್ದರು. ಮಡಿಲಲ್ಲಿ ಗಂಡನಿಗೆ ತಂದ ಫ್ಲಾಸ್ಕ್. ಹೊರಟ ಮುಸ್ಯೋಕಾನನ್ನು ಕಂಡು ಎದ್ದು ನಿಂತರು. "ಪೋಲೆ" ಎಂದರು. ತಪ್ಪಾಯಿತು ಎನ್ನಲು ಅವರಿಗೆ ಗೊತ್ತಿದ್ದ ಸ್ವಾಹಿಲಿ ಅಷ್ಟೇ. ಅವನು ತಲೆಯಾಡಿಸಿ ಬಸ್ ಸ್ಟಾಪಿನ ಕಡೆ ನಡೆದ.

ಫ್ಲಾಸ್ಕನ್ನು ಒಳಗೆ ಕೊಡುವ ಮೊದಲು ನಿಯಮದ ಪ್ರಕಾರ ಸೆಲಿನ್ ಅದರ ಮುಚ್ಚಳ ತೆಗೆದು ನೋಡಿದರು. ಕಾಫಿಯ ಪರಿಮಳ ಹಬ್ಬಿತು.

"ದಿನಾ ಬೆಳಿಗ್ಗೆ ಲೋಟ ಕೈಗೆ ತಗೊಂಡು ಮೊದಲು ಮೂಸುತ್ತಿದ್ದರು" ಎಂದರು ಸುಮತಿ ಇಂಗ್ಲಿಷಿನಲ್ಲಿ. "ಈ ಮೂರು ವರ್ಷ ಒಂದು ದಿನವೂ ತಪ್ಪಿಸದೆ, ಚೆನ್ನಾಗಿದೆ ಅಂದಿದ್ದಾರೆ."