ಗಾಯದ ಸುತ್ತ ಒಂದು ಗೆರೆ

"ಅಪ್ಪನ ಕಾಲು ಮುಟ್ಟಬೇಡಿ."

ಅವಳ ಕೈಯಲ್ಲಿ ಬಟ್ಟೆ ಕತ್ತರಿಸುವ ಕತ್ತರಿ ಹಾಗೇ ಇತ್ತು. ಬಾಗಿಲಲ್ಲಿ ನಿಂತಿದ್ದವನು ತಂಪುಪೆಟ್ಟಿಗೆಯನ್ನು ಎದೆಗೊತ್ತಿಕೊಂಡು ಒಂದು ಹೆಜ್ಜೆ ಹಿಂದೆ ಸರಿದ.

"ಡಾಕ್ಟ್ರು ಕಳಿಸಿದ್ದು... ಲ್ಯಾಬಿನಿಂದ ಬಂದಿದ್ದೀನಿ. ಗಾಯಕ್ಕೆ ಹಾಕೋ ಹೊಸ ಪಟ್ಟಿ."

"ಹೊಸದು ಅಂತ ಎಷ್ಟು ಜನ ತಂದ್ರು. ಹುಣ್ಣು ಮಾತ್ರ ಹಳೇದೇ."

ಸಕ್ಕರೆ ಕಾಯಿಲೆಯ ಅಪ್ಪನ ಹಿಮ್ಮಡಿಯ ಹುಣ್ಣು ಎಂಟು ತಿಂಗಳಿಂದ ಮಾಯ್ದಿರಲಿಲ್ಲ. ಇನ್ನೆರಡು ತಿಂಗಳು ನೋಡೋಣ, ಇಲ್ಲದಿದ್ದರೆ ಪಾದ ತೆಗೆಯಬೇಕಾಗುತ್ತದೆ ಎಂದಿದ್ದರು ಡಾಕ್ಟರು. ಬೆಳಗಿನಿಂದ ಹೊಲಿಗೆ ಯಂತ್ರ, ನಡುನಡುವೆ ಬ್ಯಾಂಡೇಜು, ಬಿಸಿನೀರು... ಅವಳಿಗೆ ಸಿಟ್ಟು ಮಾಡಿಕೊಳ್ಳಲೂ ಶಕ್ತಿ ಉಳಿದಿರಲಿಲ್ಲ.

"ಬರಲಿ ಬಿಡು ಮಗಳೇ," ಒಳಗಿನಿಂದ ಅಪ್ಪನ ದನಿ. "ನಲವತ್ತು ವರ್ಷ ಬ್ರೇಕ್ ತುಳಿದ ಕಾಲು. ಇನ್ನೊಬ್ರು ನೋಡಿದ್ರೆ ಸವೆಯಲ್ಲ."

ಅವನು ಪೆಟ್ಟಿಗೆ ತೆರೆದ. ನೀರು ತುಂಬಿಕೊಂಡು ನಡುಗುವ, ಗಾಜಿನಂಥ ಮೆತ್ತೆ; ಮೇಲೆ ಈರುಳ್ಳಿಯ ಒಳಪೊರೆಯಷ್ಟು ತೆಳುವಾದ ಹಾಳೆ. ಕಟ್ಟಿದ ಮೇಲೂ ಗಾಯ ಕಾಣುತ್ತಿತ್ತು.

"ಯಾವುದರಿಂದ ಮಾಡಿದ್ದು?" ಅವಳೇ ಕೇಳಿದಳು.

"ಸಮುದ್ರದ ಪಾಚಿಯ ಅಂಟು, ಸೀಗಡಿ ಸಿಪ್ಪೆಯ ಪುಡಿ. ಒಂದೊಂದೇ ಆದ್ರೆ ಹರಿಯುತ್ತೆ. ಎರಡೂ ಹೆಣೆದುಕೊಂಡ್ರೆ ತಡೆಯುತ್ತೆ."

"ಪಾಚಿ, ಸೀಗಡಿ... ನನ್ನ ಕಾಲಲ್ಲೇ ಕೆರೆ ಕಟ್ಟಿಸ್ತಿದ್ದೀರಲ್ಲ, ಜೆಲ್ಲಿ ಮೇಷ್ಟ್ರೇ," ಎಂದ ಅಪ್ಪ.

ಆ ಹೆಸರು ಅಲ್ಲೇ ಅಂಟಿಕೊಂಡಿತು.

ಮೇಷ್ಟ್ರು ವಾರಕ್ಕೆರಡು ಸಲ ಬಂದ. ನೆಲದ ಮೇಲೆ ಕೂತು, ಅಪ್ಪನ ಪಾದವನ್ನು ತೊಡೆಯ ಮೇಲಿಟ್ಟುಕೊಂಡು, ಚೌಕಗಳಿದ್ದ ಪಾರದರ್ಶಕ ಹಾಳೆಯನ್ನು ಗಾಯದ ಮೇಲೆ ಹಿಡಿದು ಅಂಚಿನ ಸುತ್ತ ಗೆರೆ ಎಳೆಯುತ್ತಿದ್ದ. ಚೌಕ ಎಣಿಸಿ ಪುಸ್ತಕದಲ್ಲಿ ಬರೆಯುತ್ತಿದ್ದ. ಅವಳ ಅಳತೆ ಬೇರೆ. ಮೊದಲ ದಿನ ಗಾಯ ಕೋಟಿನ ದೊಡ್ಡ ಗುಂಡಿಯಷ್ಟಿತ್ತು.

"ಇವತ್ತು ಎಷ್ಟಾಯ್ತು?" ಬಾಗಿಲಿಗೊರಗಿ ಪ್ರತಿ ಸಲವೂ ಕೇಳುವಳು.

"ಕಮ್ಮಿ ಆಗಿದೆ."

ಒಂದು ದಿನ ಸೂಜಿಗೆ ದಾರ ಏರದೆ ಅವಳು ಸೋತು ಕೂತಿದ್ದಾಗ, ಅವನು ಸೂಜಿ ತೆಗೆದುಕೊಂಡು ಪೋಣಿಸಿ ಕೊಟ್ಟ.

*ಇವನು ಬಂದ ದಿನ ಬೆನ್ನು ಯಾಕೆ ಅಷ್ಟು ನೋಯಲ್ಲ...*

ಐದನೆಯ ವಾರ. ಅವನು ಕೈ ತೊಳೆಯಲು ಹೋಗಿದ್ದ. ಪುಸ್ತಕ ತೆರೆದೇ ಇತ್ತು. ಕೆಂಪು ಶಾಯಿಯಲ್ಲಿ ಒಂದು ಸಾಲು:

'ರೋಗಿ ಏಳು: ಕೈಬಿಡಲಾಗಿದೆ.'

ಅಪ್ಪನ ಗೆರೆಯ ಹಾಳೆಗಳ ಮೂಲೆಯಲ್ಲೆಲ್ಲ ಇದ್ದದ್ದು ಏಳು. ಏಳನೆಯವನು ಅಪ್ಪ.

"ಇನ್ನು ಬರಬೇಡಿ," ಅವನು ಕೈ ಒರೆಸಿಕೊಂಡು ಬಂದಾಗ ಹೇಳಿದಳು. "ಕೈಬಿಟ್ಟ ಮೇಲೆ ಬರೋದ್ಯಾಕೆ? ವಾಸಿ ಆಗಲ್ಲ ಅಂತ ಮುಖ ನೋಡಿ ಹೇಳಬಹುದಿತ್ತು."

ಅವನು ಮಂಚದ ಮೇಲಿನ ಅಪ್ಪನ ಕಡೆ ನೋಡಿದ. ಪುಸ್ತಕ ಎತ್ತಿಕೊಂಡು ಹೊರಟೇಹೋದ. ಆ ದಿನದ ಗೆರೆಯ ಹಾಳೆ ಹಾಸಿಗೆಯ ಮೇಲೇ ಉಳಿಯಿತು.

ಅವಳು ಅದನ್ನು ಎತ್ತಿ, ಯಾಕೋ, ಪಟ್ಟಿಯ ಮೇಲೆ ಹಿಡಿದಳು. ಕೆಳಗೆ ಗಾಯ ಸ್ಪಷ್ಟವಾಗಿ ಕಾಣುತ್ತಿತ್ತು. ಗೆರೆ ಅಂಚಿನ ಮೇಲಿರಲಿಲ್ಲ. ಸುತ್ತಲೂ ಒಂದು ನೂಲೆಳೆಯಷ್ಟು ಒಳಗಿತ್ತು. ಬೇರೆ ಯಾರಿಗೂ ತಿಳಿಯುತ್ತಿರಲಿಲ್ಲ. ಹದಿನೈದು ವರ್ಷ ಸೀಮೆಸುಣ್ಣದ ಗೆರೆಯ ಮೇಲೆ ಕತ್ತರಿ ಆಡಿಸಿದವಳಿಗೆ ತಿಳಿಯಿತು.

*ಕೈಬಿಟ್ಟಿದ್ದಲ್ಲದೆ ಸುಳ್ಳು ಅಳತೆ ಬೇರೆ...*

ಮರುದಿನ ಬೆಳಿಗ್ಗೆ ಲ್ಯಾಬಿಗೆ ಹೋದಳು. ಅವನು ಗಾಜಿನ ಮೇಲೆ ಒಣಗಿದ್ದ ಪಟ್ಟಿಯ ತೆಳು ಪೊರೆಯನ್ನು ಮೂಲೆಯಿಂದ ಮೆಲ್ಲಗೆ ಬಿಡಿಸುತ್ತಿದ್ದ. ಅವಳನ್ನು ಕಂಡದ್ದೇ ಅದು ಅರ್ಧಕ್ಕೆ ಹರಿಯಿತು.

"ಗೆರೆ ಒಳಗೆ ಬಿದ್ದಿದೆ," ಎಂದು ಗೆರೆಯ ಹಾಳೆಯನ್ನು ಮುಂದಿಟ್ಟಳು.

"ಗೊತ್ತು."

ಅವನು ಪುಸ್ತಕ ತೆರೆದು, ಆ ಕೆಂಪು ಸಾಲಿನ ಪುಟ ತಿರುವಿ ತೋರಿಸಿದ.

'ಕಾರಣ: ಗೆರೆ ಎಳೆಯುವ ಕೈ, ಗಾಯ ಚಿಕ್ಕದಾಗಲಿ ಎಂದು ಬಯಸುತ್ತಿದೆ. ಈ ಅಳತೆ ಲೆಕ್ಕಕ್ಕೆ ಬೇಡ. ಚಿಕಿತ್ಸೆ ಮುಂದುವರಿಯುವುದು.'

ಅವಳು ಎರಡು ಸಲ ಓದಿದಳು.

"ಉಳಿದ ಆರು ಜನರ ಹತ್ರ ಕೈ ಸರಿ ಇತ್ತು," ಎಂದ. "ನಿಮ್ಮನೇಲಿ ಮಾತ್ರ... ಎಷ್ಟಾಯ್ತು ಅಂತ ಕೇಳ್ತಾ ನಿಂತಿರ್ತೀರಿ. ಆ ಮುಖ ನೋಡಿ ದೊಡ್ಡ ಗೆರೆ ಎಳೆಯೋಕೆ ಆಗ್ಲಿಲ್ಲ. ನಿನ್ನೆ ಅಪ್ಪನ ಎದುರಿಗೆ ಇದನ್ನ ಹೇಗೆ ಹೇಳಲಿ?"

"ಹಾಗಾದ್ರೆ ಗಾಯ ಕಮ್ಮಿ ಆಗಿಲ್ವಾ?"

"ಆಗಿದೆ. ನಾನು ಎಳೆದಷ್ಟಲ್ಲ."

"ಪಾದ ಉಳಿಯುತ್ತಾ?"

"ಗೊತ್ತಿಲ್ಲ. ಇನ್ಮೇಲೆ ನಿಮಗೆ ಸುಳ್ಳು ಹೇಳಲ್ಲ."

ಇಷ್ಟು ತಿಂಗಳಲ್ಲಿ 'ಗೊತ್ತಿಲ್ಲ' ಎಂದವನು ಇವನೊಬ್ಬನೇ. ಅವಳು ಅಲ್ಲಿದ್ದ ಸ್ಟೂಲಿನ ಮೇಲೆ ಕೂತುಬಿಟ್ಟಳು. ಎಷ್ಟೋ ದಿನಗಳ ಮೇಲೆ ಹೆಗಲು ತಾನಾಗಿ ಇಳಿಯಿತು.

"ಶುಕ್ರವಾರ ಬನ್ನಿ," ಎಂದಳು ಕಡೆಗೆ. "ಗೆರೆ ನಾನು ಎಳೀತೀನಿ. ಟೈಲರ್ ಕೈ, ಇದ್ದಷ್ಟೇ ಅಳೆಯುತ್ತೆ."

ಶುಕ್ರವಾರ ಅವನು ಹಾಳೆ ಹಿಡಿದ, ಅವಳು ಪೆನ್ನು ಹಿಡಿದಳು. ಅಂಗಿಯ ಗುಂಡಿಗಿಂತ ಗಾಯ ತುಸು ದೊಡ್ಡದಿತ್ತು. ಅಂಚಿನಲ್ಲಿ ಹೊಸ ಚರ್ಮ, ತೆಳ್ಳಗೆ, ಗುಲಾಬಿ.

"ಲೆಕ್ಕದಿಂದ ನನ್ನ ತೆಗೆದು ಹಾಕಿದ್ರಂತೆ," ಎಂದ ಅಪ್ಪ. "ಇನ್ನು ಯಾವ ಲೆಕ್ಕದಲ್ಲಿ ಬರ್ತೀರಿ ಮೇಷ್ಟ್ರೇ ನಮ್ಮನೆಗೆ?"

ಮೇಷ್ಟ್ರು ಅವಳ ಕಡೆ ನೋಡಿದ.

"ಅಪ್ಪಾ, ಕಾಲು ಅಲ್ಲಾಡಿಸ್ಬೇಡ," ಎಂದಳು ಅವಳು ತಲೆ ಎತ್ತದೆ. ಆಮೇಲೆ, ಅವನಿಗಷ್ಟೇ ಕೇಳುವಂತೆ:

"ಗಟ್ಟಿಯಾಗಿ ಹಿಡ್ಕೊಳ್ಳಿ... ಕೈಬಿಡಬೇಡಿ."

"ಬಿಡಲ್ಲ."