ನಡುಗಂಟೆಯವನು

ಲಿಂಗಸುಗೂರಿನ ಹಳೆಯ ದಂಡಿನ ಛಾವಣಿಯಲ್ಲಿದ್ದ ನಮ್ಮ ಚರ್ಚಿಗೆ ಮೂರು ಗಂಟೆಗಳು, ಬಾರಿಸಲು ಮೂವರು. ಆ ಮೂವರಲ್ಲಿ ಗಂಟೆ ಬಾರಿಸಲು ಬರುತ್ತಿದ್ದದ್ದು ನನಗೊಬ್ಬಳಿಗೇ. ಜಂಬ ಅಂದುಕೊಳ್ಳಿ, ನನಗೇನೂ ಬೇಜಾರಿಲ್ಲ.

ದೊಡ್ಡಗಂಟೆ ದಾನಪ್ಪನವರದು. ‘ಮೇಸ್ತ್ರಿ’ ಎಂದು ಕರೆಯದಿದ್ದರೆ ಅವರು ಹಗ್ಗವನ್ನೇ ಮುಟ್ಟುತ್ತಿರಲಿಲ್ಲ. ಮುಟ್ಟಿದರೆ ಬಾವಿಯಿಂದ ಕೊಡ ಸೇದಿದಂತೆ ಎಳೆಯುತ್ತಿದ್ದರು. ಸಣ್ಣಗಂಟೆ ನನ್ನದು, ಶಾಲೆಯ ಟೀಚರದು. ನಡುಗಂಟೆಗೆ ಎಂಬತ್ತೇಳರ ಬೇಸಿಗೆಯಲ್ಲಿ ಮಸ್ಕಿಯಿಂದ ಪ್ರಭುದಾಸ ಬಂದ. ಪಂಪ್‌ಸೆಟ್ ರಿಪೇರಿಯವನು. ಭಾನುವಾರ ಬೆಳಿಗ್ಗೆ ಮೊದಲ ಬಸ್ಸಿಗೆ ಹಾಜರು. ಇಸ್ತ್ರಿ ಮಾಡಿದ ಅಂಗಿ, ಎಣ್ಣೆ ಹಚ್ಚಿ ಬಾಚಿದ ತಲೆ, ಕಿವಿಯ ಹಿಂದೆ ಮಾತ್ರ ಶನಿವಾರದ ಗ್ರೀಸ್.

ನಮ್ಮ ಪದ್ಧತಿ ಸರಳ. ಸಣ್ಣದು, ನಡುವಿನದು, ದೊಡ್ಡದು, ಒಂದರ ಬೆನ್ನಿಗೊಂದು. ನನ್ನ ಕೈ ಕೆಳಗಿಳಿದ ಕೂಡಲೇ ಅವನು ಎಳೆಯಬೇಕು. ನೋಡಿ ಎಳೆಯುವುದು, ಅಷ್ಟೇ. ಕತ್ತೆಗೂ ಕಲಿಸಬಹುದು. ಇವನು ಪ್ರತಿಸಲವೂ ತಡ.

“ಕಣ್ಣು ಕಾಣಂಗಿಲ್ಲೇನ್ರೀ ನಿಮಗ?” ಎಂದೆ.

“ಕಾಣ್ತಾವ್ರಿ ಟೀಚರ್. ಅದಽ ತ್ರಾಸ ಆಗೇತಿ,” ಎಂದು ಹಲ್ಲು ಬಿಟ್ಟ.

ಇಂಥವರ ಮೇಲೆ ಬೈಗುಳವೂ ದಂಡ. ಮರುವಾರ ಮಸ್ಕಿ ಬಸ್‌ಸ್ಟ್ಯಾಂಡಿನ ಮಿರ್ಚಿ ಭಜಿಯ ಪೊಟ್ಟಣ ಹಿಡಿದು ಬಂದ.

“ತಡ ಮಾಡಿದ್ದಕ್ಕ ಜುಲ್ಮಾನಿ ರೀ.”

ಭಜಿ ಆರಿ ತಣ್ಣಗಾಗಿತ್ತು. ಅದರಲ್ಲೂ ತಡ! ಚೆಲ್ಲಬಾರದೆಂದು ತಿಂದೆ. ಎಲ್ಲವನ್ನೂ.

ಡಿಸೆಂಬರಿನಲ್ಲಿ ಬಿಷಪ್ ಬರುವುದೆಂದಾಯಿತು. ಗೋಡೆಗಳಿಗೆ ಸುಣ್ಣ ಬಿತ್ತು. ವರ್ಷವಿಡೀ ಪ್ರಾರ್ಥನೆ ಅರ್ಧ ಮುಗಿದ ಮೇಲೆ ಬರುತ್ತಿದ್ದವರೆಲ್ಲ ಏಕಾಏಕಿ ಭಕ್ತರಾದರು. ದಾನಪ್ಪನವರು ಗೋಪುರದ ಕೋಣೆಯಲ್ಲಿ ಅಪ್ಪಣೆ ಹೊರಡಿಸಿದರು.

“ಲೇ ಪ್ರಭು, ಬಿಷಪ್ ಅಯ್ನೋರ ಮುಂದ ತಪ್ಪಿದಿ ಅಂದ್ರ ಹಗ್ಗ ನನ್ನ ಅಳಿಯನ ಕೈಗೆ. ನೀ ಮಸ್ಕ್ಯಾಗಽ ಇದ್ದುಬಿಡು.”

ಆ ಅಳಿಯನಿಗೆ ಎಡ ಬಲವೂ ಗೊತ್ತಿರಲಿಲ್ಲ. ಆದರೂ ಪ್ರಭುದಾಸನ ಮುಖ ಸಪ್ಪಗಾಯಿತು. ಹೊರಗೆ ಮೆಟ್ಟಿಲ ಬಳಿ ನನ್ನನ್ನು ನಿಲ್ಲಿಸಿದ.

“ಟೀಚರ್, ನಾ ನಿಮ್ಮ ಕಡೆ ಬೆನ್ನು ಮಾಡಿ ನಿಂದರ್ಲೇನ್ರಿ?”

“ಯಾಕ?”

“ನಿಮ್ಮ ಕೈ ನೋಡಾಕ ಹೋಗಿ ಮಾರಿ ನೋಡ್ತೀನ್ರಿ. ಮಾರಿ ನೋಡಿದ್ರ ಗಂಟಿ ಮರೀತೀನಿ.”

ಪಂಪ್‌ಸೆಟ್ಟಿನವನ ಧೈರ್ಯ ನೋಡಿ!

“ಗ್ವಾಡಿ ನೋಡ್ಕೋತ ನಿಂದರ್ರಿ,” ಎಂದೆ. ದನಿಯನ್ನು ಗಟ್ಟಿಯಾಗಿಯೇ ಇಟ್ಟುಕೊಂಡಿದ್ದೆ. ಮನೆಗೆ ಹೋಗಿ ಕನ್ನಡಿ ನೋಡಿಕೊಂಡದ್ದು ಬೇರೆ ಮಾತು.

ಮರುಭಾನುವಾರ ಗೋಡೆಯ ಕಡೆ ಮುಖ ಮಾಡಿ, ಬಾಯೊಳಗೇ ಎಣಿಸುತ್ತಾ ಎಳೆದವನು ಒಂದು ಪೆಟ್ಟೂ ತಪ್ಪಲಿಲ್ಲ. ತಾವೇ ಕಲಿಸಿದ್ದೆಂದು ದಾನಪ್ಪನವರು ಮೀಸೆ ತಿರುವಿದರು. ಅವನು ನನ್ನನ್ನು ನೋಡುತ್ತಿರಲಿಲ್ಲ. ಈಗ ನೋಡುವ ಕೆಲಸ ನನ್ನ ಪಾಲಿಗೆ ಬಿತ್ತು. ಕಿವಿಯ ಹಿಂದೆ ಅದೇ ಗ್ರೀಸ್, ಬೆರಳಗಲ. ಎಂಥ ಗಲೀಜು ಮನುಷ್ಯ ಎಂದು ನೋಡಿದೆ. ಸೆರಗಿನಿಂದ ಒರೆಸಿದರೆ ಹೋಗುತ್ತದೆ ಎಂದು ಮತ್ತೆ ನೋಡಿದೆ.

ಬಿಷಪ್ ಜೀಪಿನಿಂದ ಇಳಿದರು. ಗೋಪುರದ ತೆರೆದ ಬಾಗಿಲ ಎದುರಿಗೇ ಸಭೆಯ ಹಿರಿಯರು ಹಾರ ಹಿಡಿದು ನಿಂತಿದ್ದರು. ನಾವು ಬಾರಿಸತೊಡಗಿದೆವು. ಎಲ್ಲ ಸರಿಯಾಗಿಯೇ ಸಾಗಿತ್ತು. ಎಣಿಸುವಾಗ ಪ್ರಭುದಾಸನ ಕಿವಿ ಸ್ವಲ್ಪ ಅಲುಗುತ್ತದೆ ಎಂಬುದನ್ನು ಆಗ ಕಂಡೆ. ಕಂಡವಳ ಕೈ ಅಲ್ಲೇ ನಿಂತಿತು. ಅವನು ತನ್ನ ಎಣಿಕೆಯಂತೆ ಎಳೆದ, ನಾನು ತಡವಾಗಿ ಎಳೆದೆ. ಎರಡೂ ಗಂಟೆಗಳು ಒಟ್ಟಿಗೆ ಬಡಿದು ಮೆಟ್ಟಿಲ ಮೇಲಿಂದ ತಗಡಿನ ಡಬ್ಬ ಉರುಳಿದಂಥ ಸದ್ದಾಯಿತು.

“ಬಿಡಲೇ ಹಗ್ಗ!” ದಾನಪ್ಪನವರು ಪ್ರಭುದಾಸನ ಮೇಲೆ ಹಾರಿದರು. “ಮರ್ಯಾದಿ ತಗದಿ! ಇವತ್ತಿಗೆ ಮುಗೀತು ನಿಂದು!”

ತಪ್ಪು ತನ್ನದಲ್ಲವೆಂದು ಅವನಿಗೆ ಗೊತ್ತಿತ್ತು. ಆದರೂ ಹಗ್ಗವನ್ನು ಗೂಟಕ್ಕೆ ಸುತ್ತತೊಡಗಿದ. ನಾನು ಸುಮ್ಮನಿದ್ದರೆ ಸಾಕಿತ್ತು, ನನ್ನ ಮೇಲೆ ಯಾರಿಗೂ ಅನುಮಾನ ಬರುತ್ತಿರಲಿಲ್ಲ. ಆದರೆ ಮುಂದಿನ ಭಾನುವಾರ ಆ ಹಗ್ಗ ಹಿಡಿದು ದಾನಪ್ಪನವರ ಅಳಿಯ ನಿಂತಿರುತ್ತಾನೆ. ಮಸ್ಕಿಯ ಬಸ್ಸು ಬಂದರೂ ಒಂದೇ, ಬಾರದಿದ್ದರೂ ಒಂದೇ. ಅದನ್ನು ನನ್ನಿಂದ ತಡೆದುಕೊಳ್ಳಲಾಗಲಿಲ್ಲ.

“ತಪ್ಪಿದಾಕಿ ನಾನು.”

“ನೀ ಹೆಂಗ ತಪ್ಪತೀ ಸಲೋಮಿ?”

“ಇವ್ರ ಕಿವಿ ನೋಡಾಕತ್ತಿದ್ದೆ.”

ಹಾರಗಳು ಹಿರಿಯರ ಕೈಯಲ್ಲೇ ಉಳಿದವು. ಬಿಷಪ್ ಕೆಮ್ಮಿದರು. ದಾನಪ್ಪನವರ ಬಾಯಿ ತೆರೆದದ್ದು ಮುಚ್ಚಲಿಲ್ಲ. ಪ್ರಭುದಾಸ ಮೆಲ್ಲಗೆ ನನ್ನತ್ತ ತಿರುಗಿದ. ಕಣ್ಣು ತುಂಬಿಕೊಂಡಿದ್ದ, ಮುಠ್ಠಾಳ.

“ಕಿವಿಗೆ ಏನಾಗೇತ್ರಿ ಟೀಚರ್?”

“ಗ್ರೀಸ್. ಹಿಂದ.”

ಅವನು ಗಡಬಡಿಸಿ ಕರ್ಚೀಫು ತೆಗೆದು ಇನ್ನೊಂದು ಕಿವಿಯನ್ನು ಒರೆಸಿಕೊಂಡ.

“ಒಂದೂ ನೆಟ್ಟಗ ಬರಂಗಿಲ್ಲ ನಿನಗ,” ಎಂದೆ. ಛಾವಣಿಯ ಸಭೆಯೆಲ್ಲ ನೋಡುತ್ತಿದ್ದಂತೆಯೇ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡೆ. “ಬಾ ಇಲ್ಲೆ.”